ನಾಲ್ಕು ಸಾಲು, ನಾಲ್ಕು ವರ್ಷ

ನಮ್ಮ ಕಡೆಯ ಹೆಂಗಸರಿಗೆ ಪಂಚಾಯ್ತಿ ಮೆಂಬರು ಮನೆಯವರಿದ್ದ ಹಾಗೆ. ಎಂ.ಎಲ್.ಎ. ಮದುವೆ ಮನೆಯಲ್ಲಿ ಕಂಡು ಗೊತ್ತಿರುವವರು. ಎಂ.ಪಿ. ಮಾತ್ರ ಹೆಸರು ಕೇಳಿ ಗೊತ್ತಿದ್ದು ಮುಖ ನೋಡಿ ಗೊತ್ತಿಲ್ಲದ ದೂರದ ನೆಂಟ. ಚುನಾವಣೆ ಬಂದಾಗ ಮೈಕು ಕಟ್ಟಿದ ಜೀಪು ಆ ಹೆಸರನ್ನು ಕೂಗುತ್ತ ಅರಬೈಲ್ ಘಟ್ಟ ಇಳಿದು ಹೋಗುತ್ತದೆ, ಅಷ್ಟೆ. 1952ರಿಂದ ಇಲ್ಲಿಯವರೆಗೆ ನಮ್ಮ ಜಿಲ್ಲೆಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದವರನ್ನು ಬೆರಳೆಣಿಸಿ ಹೇಳಬಹುದು. ಜೋಕಿಂ ಆಳ್ವ ಮೂರು ಸಲ, ದಿನಕರ ದೇಸಾಯಿ ಒಂದು ಸಲ, ಬಿ.ವಿ. ನಾಯಕ, ಬಿ.ಪಿ. ಕದಂ ಒಂದೊಂದು ಸಲ, ದೇವರಾಯ ನಾಯ್ಕ ನಾಲ್ಕು ಸಲ, ಅನಂತಕುಮಾರ ಹೆಗಡೆ ಆರು ಸಲ, ನಡುವೆ 1999ರಲ್ಲಿ ಮಾರ್ಗರೆಟ್ ಆಳ್ವ, 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿ. ಈ ಎಂಟು ಹೆಸರುಗಳಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಪದ್ಯವಾಗಿ ಉಳಿದವರು ಒಬ್ಬರೇ, ದಿನಕರ ದೇಸಾಯಿಯವರು.

ನಾನು ಅಕ್ಕೋರು. ಮೂವತ್ತು ವರ್ಷಕ್ಕೆ ಹತ್ತಿರ ಬಂತು, ಹಳ್ಳಿ ಶಾಲೆಯಲ್ಲಿ ಅವರ ಗಡಿಯಾರದ ಪದ್ಯ ಹೇಳಿಕೊಡುತ್ತಿದ್ದೇನೆ. ಊರಿನ ಸನ್ಮಾನ ಸಮಾರಂಭಗಳಲ್ಲಿ ಅವರ ಚುಟುಕ ಕೇಳಿ ನಕ್ಕಿದ್ದೇನೆ. ಅಂಕೋಲೆಯ ಕಾಲೇಜಿನಲ್ಲಿ ಅವರ ಕೆಲಸದ ಫಲವನ್ನೂ ಉಂಡಿದ್ದೇನೆ. ಇಷ್ಟಾದ ಮೇಲೆ ನನಗೆ ಒಂದು ತಕರಾರು ಹುಟ್ಟಿದೆ. ನಾವು ಈ ಮನುಷ್ಯನನ್ನು ಮೂರು ಪಾಲು ಮಾಡಿದ್ದೇವೆ. ಮಕ್ಕಳ ಪದ್ಯ ಶಾಲೆಗೆ, ಚುಟುಕ ವೇದಿಕೆಗೆ, ಉಳಿದದ್ದು ಗೋಡೆಯ ಫೋಟೋಕ್ಕೆ. ಮೂರನ್ನೂ ಜೋಡಿಸಿ ಓದಿದರೆ ಪದ್ಯವೂ ಬೇರೆ ಕಾಣುತ್ತದೆ, ಎಂ.ಪಿ.ಗಿರಿಯೂ ಬೇರೆ ಕಾಣುತ್ತದೆ. ಹಾಗೆ ಓದುವ ಒಂದು ಪ್ರಯತ್ನ ಇದು.

ಗಡಿಯಾರದ ಪದ್ಯದಿಂದಲೇ ತೊಡಗುತ್ತೇನೆ. ಟಿಕ್ ಟಿಕ್ ಎನ್ನುವ ಲಯಕ್ಕೆ ಮಕ್ಕಳು ತಲೆ ಅಲ್ಲಾಡಿಸುತ್ತಾರೆ, ನಾವೂ ಅಲ್ಲಿಗೇ ಬಿಡುತ್ತೇವೆ. ಆದರೆ ಆ ಪದ್ಯದಲ್ಲಿ ಗಡಿಯಾರ ಬರಿಯ ಯಂತ್ರವಲ್ಲ. ಅದು ಹಗಲು ರಾತ್ರಿ ಎನ್ನದೆ ಕೆಲಸ ಮಾಡುವ ಒಬ್ಬ ಆಳು. ಕೀಲಿ ಕೊಡುವುದೆಂದರೆ ಅದರ ಕಿವಿ ಹಿಂಡುವುದು, ಆ ಹಿಂಡಿಸಿಕೊಳ್ಳುವುದೇ ಅದಕ್ಕೆ ಊಟ. ಸ್ವಲ್ಪ ನಿಂತು ಯೋಚಿಸಿ. ದಿನವಿಡೀ ದುಡಿಯುವವನಿಗೆ ಕೂಲಿಯಾಗಿ ಸಿಗುವುದು ಕಿವಿಹಿಂಡುವುದು! ಇದನ್ನು ಬರೆದವರು ಮುಂಬಯಿ ಬಂದರಿನಲ್ಲಿ ಹಡಗಿನ ಕೂಲಿಕಾರರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರು ಎಂಬುದು ಗೊತ್ತಾದಾಗ ಟಿಕ್ ಟಿಕ್ ಸದ್ದು ಅಷ್ಟು ಹಗುರಾಗಿ ಕೇಳಿಸುವುದಿಲ್ಲ. ಒಂದು ವರ್ಷ ತರಗತಿಯಲ್ಲಿ, "ನಿಮ್ಮ ಮನೆಯಲ್ಲಿ ಹೀಗೆ ಹಗಲೂ ರಾತ್ರಿ ದುಡಿಯುವವರು ಯಾರು?" ಎಂದು ಕೇಳಿದೆ. ಗಂಡುಮಕ್ಕಳು ಮಿಕ್ಸರು, ಫ್ರಿಜ್ಜು ಎಂದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮ ಆಯಿ" ಎಂದಳು. ಪದ್ಯ ಬರೆದವರಿಗೆ ಆ ಉತ್ತರ ಹೊಳೆದಿತ್ತೋ ಇಲ್ಲವೋ, ಪದ್ಯದಲ್ಲಂತೂ ಅದಕ್ಕೆ ಜಾಗವಿದೆ.

ಇನ್ನು ಬರೆದವರ ದುಡಿಮೆಯ ಸಂಗತಿ. ದಿನಕರ ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ. ಮೈಸೂರಿನಲ್ಲಿ ಓದಿ ಮುಂಬಯಿಗೆ ಹೋಗಿ ಎಂ.ಎ., ಎಲ್.ಎಲ್.ಬಿ. ಮಾಡಿದರು. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಹಾಮಂಡಲೇಶ್ವರರ ಬಗ್ಗೆ ಸಂಶೋಧನೆ ಮಾಡಿದರು. ಪ್ರೊಫೆಸರಾಗಿ ಹಾಯಾಗಿ ಇರಬಹುದಿತ್ತು. ಅದನ್ನು ಬಿಟ್ಟು ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜವನ್ನು. ಅದರ ಸದಸ್ಯನಾಗುವವನು ತನಗಾಗಿ ಹಣ ಗಳಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಬೇಕು, ಸಮಾಜ ಕೊಟ್ಟಷ್ಟರಲ್ಲಿ ಸಂಸಾರ ಸಾಗಿಸಬೇಕು. ಇಂಥ ಪ್ರತಿಜ್ಞೆಯ ಭಾರ ಮನೆ ನಡೆಸುವ ಹೆಂಗಸಿನ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ಜೀವನಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬರೆಯುವುದಿಲ್ಲ. ನಾವು ಹೆಂಗಸರು ಓದುವಾಗ ಆ ಸಾಲನ್ನು ಸೇರಿಸಿಕೊಂಡೇ ಓದಬೇಕು.

ಮುಂಬಯಿಯಲ್ಲಿ ಅವರು ಹಿಡಿದದ್ದು ನಾವಿಕರ ಸಂಘಟನೆಯ ಕೆಲಸ. ಹಡಗಿನ ಕೂಲಿಕಾರರ ಸ್ಥಿತಿಗತಿಯ ಬಗ್ಗೆ 'ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕವನ್ನೂ ಬರೆದರು. ಅದೇ ಹೊತ್ತಿಗೆ ಊರಿನ ಕಡೆ ಗೇಣಿ ಒಕ್ಕಲುಗಳ ಗೋಳು ಅವರನ್ನು ಎಳೆಯಿತು. ಈಗಿನ ಹುಡುಗಿಯರಿಗೆ ಗೇಣಿ ಎಂದರೆ ಬಿಡಿಸಿ ಹೇಳಬೇಕು. ಗದ್ದೆ ಒಡೆಯನದು, ದುಡಿಮೆ ಒಕ್ಕಲಿನದು. ಸುಗ್ಗಿ ಮುಗಿದ ಮೇಲೆ ಕಣದಿಂದಲೇ ಭತ್ತ ಒಡೆಯನ ಮನೆಗೆ ಅಳೆದು ಹೋಗಬೇಕು. ಮಳೆ ಕೈಕೊಟ್ಟರೂ, ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದರೂ ಅಳತೆ ತಪ್ಪುವಂತಿಲ್ಲ, ತಪ್ಪಿದರೆ ಬೇರೆಯವರಿಗೆ ಗದ್ದೆ. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಹೀಗೆ ತಲೆಮಾರುಗಟ್ಟಲೆ ಇನ್ನೊಬ್ಬರ ಗದ್ದೆಯಲ್ಲಿ ನಟ್ಟಿ ಮಾಡಿದರು. ನಟ್ಟಿ ಎಂದ ಕೂಡಲೇ ನಿಮಗೆ ಗೊತ್ತೇ ಇದೆ, ಬಗ್ಗಿದ ಬೆನ್ನುಗಳಲ್ಲಿ ಹೆಚ್ಚಿನವು ಹೆಂಗಸರವೇ. ದೇಸಾಯಿಯವರು ಈ ಒಕ್ಕಲುಗಳನ್ನು ಸಂಘ ಕಟ್ಟಿಸಿ ನಿಲ್ಲಿಸಿದರು. ಅದರ ಫಲವಾಗಿ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಹುಟ್ಟಿದ ಜಿಲ್ಲೆಯಿಂದಲೇ ಐದು ವರ್ಷ ಗಡೀಪಾರು ಮಾಡಿತು. ಜಿಲ್ಲೆಯ ಗಡಿಯೊಳಗೆ ಕಾಲಿಡಬಾರದು ಎಂದು ಹೇಳಿಸಿಕೊಂಡ ಮನುಷ್ಯನನ್ನೇ 1967ರಲ್ಲಿ ಅದೇ ಜಿಲ್ಲೆಯ ಜನ ದೆಹಲಿಗೆ ಕಳಿಸಿದರು. ಆ ಇಪ್ಪತ್ತೇಳು ವರ್ಷಗಳ ನಡುವೆ ಅವರು ಏನು ಮಾಡುತ್ತಿದ್ದರು ಎಂಬುದರಲ್ಲಿ ಅವರ ನಿಜವಾದ ಕಸುಬು ಇದೆ.

ಅವರು ಎರಡು ಕೆಲಸ ಮಾಡುತ್ತಿದ್ದರು, ಬರೆಯುತ್ತಿದ್ದರು ಮತ್ತು ಶಾಲೆ ಕಟ್ಟುತ್ತಿದ್ದರು.

ಬರೆದದ್ದು ಹೆಚ್ಚಾಗಿ 'ಜನಸೇವಕ' ವಾರಪತ್ರಿಕೆಗಾಗಿ. ಅದಕ್ಕೆಂದು ಹುಟ್ಟಿದ ಚುಟುಕಗಳು ಸಾವಿರಾರು ಆದವು, 'ದಿನಕರನ ಚೌಪದಿ' ಎಂದು ಪುಸ್ತಕವಾದವು, ಅವರಿಗೆ ಚುಟುಕು ಬ್ರಹ್ಮ ಎಂಬ ಬಿರುದೂ ಬಂತು. ಆ ಬಿರುದು ಅವರಿಗೆ ಉಪಕಾರ ಮಾಡಿತೋ ಅಪಕಾರ ಮಾಡಿತೋ ನನಗೆ ಅನುಮಾನ. ಚುಟುಕ ಎಂದ ಕೂಡಲೇ ಊಟದ ಮೇಲಿನ ಕವಳದ ಹಾಗೆ ಬಾಯಿ ಕೆಂಪು ಮಾಡಿ ಉಗುಳಿಬಿಡುವ ಪದಾರ್ಥ ಎಂದು ಜನ ತಿಳಿದರು. ವಿಮರ್ಶಕರು ಅವುಗಳನ್ನು ನವ್ಯ ಕಾವ್ಯದ ಪಕ್ಕದಲ್ಲಿಟ್ಟು ತೂಗಿ ಹಗುರವೆಂದರು. ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಹಾಡಿದ್ದು ತ್ರಿಪದಿಯನ್ನು. ಕೈ ಒಂದು ಸುತ್ತು ಬರುವಷ್ಟರಲ್ಲಿ ಒಂದು ಮಾತು ಮುಗಿಯಬೇಕು, ಓದು ಬಾರದವಳ ನೆನಪಿನಲ್ಲೂ ನಿಲ್ಲಬೇಕು. ದೇಸಾಯಿಯವರ ಚೌಪದಿಯನ್ನು ಆ ಸಾಲಿನಲ್ಲಿಟ್ಟು ನೋಡಬೇಕು ಎನ್ನುತ್ತೇನೆ. ನಾಲ್ಕು ಸಾಲು, ಎರಡೆರಡಕ್ಕೆ ಅಂತ್ಯಪ್ರಾಸ. ಮೊದಲೆರಡು ಸಾಲಿನಲ್ಲಿ ನಮಗೆ ಗೊತ್ತಿರುವ ಒಂದು ಸಂಗತಿ, ಮೂರನೆಯದರಲ್ಲಿ ಒಂದು ತಿರುವು, ನಾಲ್ಕನೆಯದರಲ್ಲಿ ಲೆಕ್ಕ ಚುಕ್ತಾ. ಅಂಗಡಿಯವನ ಚೀಟಿಯಲ್ಲಿ ಸಾಮಾನಿನ ಕೆಳಗೆ ಮೊತ್ತ ಬರೆದಿರುವ ಹಾಗೆ. ಬಸ್ಸಿಗೆ ಕಾಯುವವನೂ, ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತವಳೂ ಒಂದು ಸಲ ಕೇಳಿ ಇನ್ನೊಬ್ಬರಿಗೆ ಹೇಳಬಹುದು. ನಮ್ಮ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕತೆ, ಒಗಟು, ತಾಳಮದ್ದಲೆಯ ಮಾತು ಎಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು ದಿನಕರನದೊಂದು ಎಂದು ಚುಟುಕ ಹೇಳುತ್ತಿದ್ದರು. ಪತ್ರಿಕೆ ಬರದ ಮನೆಗೂ ಪತ್ರಿಕೆಯ ಮಾತು ಬರುತ್ತಿದ್ದ ದಾರಿ ಅದು. ಬರೆದವರ ಮನಸ್ಸಿನಲ್ಲಿ ಇದ್ದ ಓದುಗ ಯಾರು ಎಂಬುದು ಆ ಅಳತೆಯಿಂದಲೇ ಗೊತ್ತಾಗುತ್ತದೆ, ಪುಸ್ತಕ ಹಿಡಿದು ಕೂರಲು ಪುರುಸೊತ್ತಿಲ್ಲದವನು ಮತ್ತು ಪುರುಸೊತ್ತಿಲ್ಲದವಳು.

ಮೆಚ್ಚಿದ್ದನ್ನು ಹೇಳಿದ ಮೇಲೆ ಮೆಚ್ಚದ್ದನ್ನೂ ಹೇಳಬೇಕು. ನಾಲ್ಕನೆಯ ಸಾಲಿನ ಪ್ರಾಸ ಕೂಡಿದ ಕೂಡಲೇ ಕೇಳಿದವರಿಗೆ ಒಂದು ಸಮಾಧಾನವಾಗುತ್ತದೆ. ಲಂಚಕೋರನನ್ನು ಕುಟುಕಿದ್ದಾಯಿತು, ಮಂತ್ರಿಯನ್ನು ಹಾಸ್ಯ ಮಾಡಿದ್ದಾಯಿತು, ನಕ್ಕದ್ದಾಯಿತು. ಸಿಟ್ಟು ಅಲ್ಲಿಗೇ ಇಳಿದುಹೋಗುತ್ತದೆ. ಅವರ ಚುಟುಕದಿಂದ ಕುಟುಕಿಸಿಕೊಳ್ಳಬೇಕಾದ ಜನರೇ ಇಂದು ವೇದಿಕೆಯ ಮೇಲೆ ಅವರ ಚುಟುಕ ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ನೋಡಿದರೆ, ಈ ರೂಪದಲ್ಲಿಯೇ ಅಂಥದೊಂದು ಸಡಿಲವಿದೆ ಎನ್ನಬೇಕಾಗುತ್ತದೆ. ಇನ್ನೊಂದು, ನಾನು ಓದಿದ ಚೌಪದಿಗಳಲ್ಲಿ ಒಕ್ಕಲಿಗನಿದ್ದಾನೆ, ಶ್ರೀಮಂತನಿದ್ದಾನೆ, ಪುಢಾರಿ ಇದ್ದಾನೆ. ಒಕ್ಕಲಿಗನ ಪಕ್ಕದ ಸಾಲಿನಲ್ಲಿ ನಟ್ಟಿ ಮಾಡುತ್ತಿದ್ದವಳಿಗೆ ಅಷ್ಟು ಗಟ್ಟಿಯಾದ ದನಿ ಸಿಗುವುದಿಲ್ಲ. ಬಡವ ಎಂಬ ಮಾತಿನೊಳಗೆ ಅವಳನ್ನೂ ಸೇರಿಸಿ ಮುಗಿಸಿದ ಹಾಗಿದೆ. ಇದು ಅವರೊಬ್ಬರ ಕೊರತೆ ಅಲ್ಲ, ಅಂದಿನ ರೈತ ಚಳವಳಿಯ ಕೊರತೆಯೂ ಹೌದು. 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲುಗಳು ಫಾರ್ಮ್ ನಂಬರ್ 7 ತುಂಬಿ ಭೂಮಿ ಪಡೆದಾಗಲೂ ಅರ್ಜಿಗಳು ಬಹುಮಟ್ಟಿಗೆ ಗಂಡಸಿನ ಹೆಸರಿನಲ್ಲೇ ಹೋದವು. ಉಳುವವನೇ ಒಡೆಯ ಎಂಬ ಘೋಷಣೆಯ ವ್ಯಾಕರಣವೇ ಹಾಗಿತ್ತು, ಉಳುವವಳು ಅದರಲ್ಲಿ ಬರಲಿಲ್ಲ.

ಇನ್ನು ಶಾಲೆಯ ವಿಷಯ. 1953ರಲ್ಲಿ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅಂಕೋಲೆ, ಕಾರವಾರ, ಭಟ್ಕಳ ತಾಲೂಕು, ದಾಂಡೇಲಿ ಹೀಗೆ ಅಲ್ಲಲ್ಲಿ ಹೈಸ್ಕೂಲುಗಳಾದವು. ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಶುರುವಾಯಿತು. ಶಾಲೆ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ ಎನ್ನಬಹುದು. ಆದರೆ ಹೆಣ್ಣುಮಕ್ಕಳ ಪಾಲಿಗೆ ಹೈಸ್ಕೂಲು ಎಷ್ಟು ದೂರ ಎಂಬುದೇ ಹಣೆಬರಹ. ಗಂಡುಮಗನಾದರೆ ಹಾಸ್ಟೆಲ್ಲು, ವಾರಾನ್ನ, ಯಾರದೋ ಅಂಗಡಿಯ ಅಟ್ಟ ಯಾವುದಾದರೂ ನಡೆಯುತ್ತಿತ್ತು. ಹೆಣ್ಣಾದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಬೇಕು. ಆ ಲೆಕ್ಕಕ್ಕೆ ಹೊಂದದ ದೂರದಲ್ಲಿ ಶಾಲೆ ಇದ್ದರೆ ಅದು ಇಲ್ಲದ ಹಾಗೆಯೇ. ನಮ್ಮ ಆಯಿಯದು ಒಂದೇ ಮಾತಿತ್ತು: "ಓಟು ಕೇಳಲೆ ಬಂದವಕ್ಕೆ ಶಾಲೆ ಎಷ್ಟು ದೂರ ಹೇಳಿ ಗೊತ್ತಿದ್ದಾ?"

ನಮ್ಮ ಮನೆ ಘಟ್ಟದ ಅಂಚಿನ ಕಾಡಿನೊಳಗೆ. ಮೇಲೆ ಹತ್ತಿದರೆ ಯಲ್ಲಾಪುರ, ಇಳಿದರೆ ಅಂಕೋಲೆ, ನಡುವೆ ಮಳೆಗಾಲದಲ್ಲಿ ಹಳ್ಳ ದಾಟಿ ರಸ್ತೆಗೆ ಬರುವುದೇ ಅರ್ಧ ದಿನದ ಕೆಲಸ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಲೆಕ್ಕದಲ್ಲಿ ನನಗಿಂತ ಜಾಣೆ. ಏಳನೆಯ ತರಗತಿ ಮುಗಿಸಿದ ಮೇಲೆ ಅವಳ ಪಾಟಿಚೀಲವನ್ನು ಅಪ್ಪಯ್ಯ ಅಟ್ಟದ ಮೇಲಿಟ್ಟರು. ಬೈದೂ ಅಲ್ಲ, ಹೊಡೆದೂ ಅಲ್ಲ, ದಾರಿ ಇಲ್ಲವಲ್ಲ ಎಂದು. ನನ್ನ ಸರದಿ ಬರುವಷ್ಟರಲ್ಲಿ ಅತ್ತೆಯೊಬ್ಬರು ಅಂಕೋಲೆಗೆ ಹೋಗಿ ನೆಲೆಸಿದ್ದರು. ಅವರ ಮನೆಯಲ್ಲಿದ್ದು ನಾನು ಹೈಸ್ಕೂಲು ಮುಗಿಸಿದೆ, ಗೋಖಲೆ ಕಾಲೇಜಿನಲ್ಲಿ ಬಿ.ಎ. ಮಾಡಿದೆ, ಆಮೇಲೆ ಬಿ.ಎಡ್. ಆಯಿತು. ಅಕ್ಕನಿಗೂ ನನಗೂ ಇದ್ದ ವ್ಯತ್ಯಾಸ ಬುದ್ಧಿಯದಲ್ಲ. ಕಾಲೇಜು ಇದ್ದ ಊರಿನಲ್ಲಿ ಒಂದು ನೆಂಟರ ಮನೆ ಇತ್ತು, ಇಷ್ಟೆ. ಆ ಕಾಲೇಜನ್ನು ಧಾರವಾಡದ ಬದಲು ಅಂಕೋಲೆಗೆ ತಂದು ನಿಲ್ಲಿಸಿದವರನ್ನು ನಾನು ಬರಿಯ ಚುಟುಕದ ಕವಿ ಎಂದು ಹೇಗೆ ಕರೆಯಲಿ?

ಕೃತಜ್ಞತೆ ಇದ್ದರೂ ನಕಾಶೆ ನೋಡಿಯೇ ಮಾತಾಡಬೇಕು. ನಾನು ಕಂಡಂತೆ ಆ ಕೆಲಸದ ಬಲವೆಲ್ಲ ಕರಾವಳಿಯಲ್ಲಿ, ದಾಂಡೇಲಿಯ ಕಾರ್ಖಾನೆಯ ಆಸುಪಾಸಿನಲ್ಲಿ. ನಮ್ಮ ಯಲ್ಲಾಪುರದ ಕಾಡಿನೊಳಗಿನ ಸಿದ್ದಿ ಕೇರಿ, ಗೌಳಿವಾಡೆಗಳ ಹುಡುಗಿಯರಿಗೆ ಅಂಕೋಲೆಯಲ್ಲಿ ಅತ್ತೆಯ ಮನೆ ಇರಲಿಲ್ಲ. ಒಬ್ಬ ಮನುಷ್ಯನ, ಒಂದು ಟ್ರಸ್ಟಿನ ಕೈ ಎಷ್ಟು ಚಾಚಬಹುದೋ ಅಷ್ಟು ಚಾಚಿತು. ಅದರ ಆಚೆಗೆ ಬೇಕಾದದ್ದು ಸರ್ಕಾರ, ಕಾನೂನು, ಸಂಸತ್ತು.

ಹಾಗಾದರೆ ಸಂಸತ್ತಿನಲ್ಲಿ ದೇಸಾಯಿಯವರಿಗೆ ಏನು ಸಾಧ್ಯವಿತ್ತು? 1967ರ ಚುನಾವಣೆ ಕಾಂಗ್ರೆಸ್ಸಿಗೆ ಪೆಟ್ಟು ಕೊಟ್ಟ ಚುನಾವಣೆ. ಹಲವು ರಾಜ್ಯಗಳು ಅದರ ಕೈತಪ್ಪಿದವು, ಲೋಕಸಭೆಯಲ್ಲಿ 283 ಸ್ಥಾನಗಳ ಸಣ್ಣ ಬಹುಮತ ಉಳಿಯಿತು. ಆ ಗಾಳಿಯಲ್ಲಿ ಯಾವ ಪಕ್ಷದ ಚೀಟಿಯೂ ಇಲ್ಲದೆ, ಪಕ್ಷೇತರರಾಗಿ ನಿಂತು ಅವರು ಗೆದ್ದರು. ಪಕ್ಷೇತರ ಸದಸ್ಯನಿಗೆ ಮಂತ್ರಿಗಿರಿಯ ಆಸೆಯಿಲ್ಲ, ಪಕ್ಷದ ಹೆದರಿಕೆಯಿಲ್ಲ, ಆದರೆ ಬೆನ್ನಿಗೆ ಯಾರೂ ಇಲ್ಲ. ಪ್ರಶ್ನೆ ಕೇಳಬಹುದು, ಮಾತಾಡಬಹುದು, ಅದಕ್ಕೂ ಪಕ್ಷಗಳಿಗೆ ಸಮಯ ಹಂಚಿ ಉಳಿದ ನಿಮಿಷಗಳಲ್ಲಿ. ಈಗಿನ ಹಾಗೆ ಸಂಸದರ ನಿಧಿ ಆಗ ಇರಲಿಲ್ಲ. ಆ ಯೋಜನೆ ಬಂದದ್ದು 1993ರ ಡಿಸೆಂಬರಿನಲ್ಲಿ, ವರ್ಷಕ್ಕೆ 5 ಕೋಟಿ ರೂಪಾಯಿ ಆದದ್ದು 2011-12ರಿಂದ. ಇಂದು ಒಂದು ಬಸ್ ತಂಗುದಾಣ ಕಟ್ಟಿದರೂ ಅದರ ಹಣೆಯ ಮೇಲೆ ಸಂಸದರ ಹೆಸರು ದೊಡ್ಡದಾಗಿ ಬರೆದಿರುತ್ತದೆ. ದೇಸಾಯಿಯವರು ಕುಳಿತ ಲೋಕಸಭೆ ಬ್ಯಾಂಕ್ ರಾಷ್ಟ್ರೀಕರಣ, ಕಾಂಗ್ರೆಸ್ಸಿನ ಒಡಕು, ರಾಜಧನದ ಗದ್ದಲಗಳನ್ನೆಲ್ಲ ಕಂಡು, ಅವಧಿ ತುಂಬುವ ಮೊದಲೇ 1970ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. 1971ರಲ್ಲಿ ಕಾಂಗ್ರೆಸ್ಸಿನ ಬಿ.ವಿ. ನಾಯಕರು ಬಂದರು. ನಾಲ್ಕು ವರ್ಷವೂ ತುಂಬದ ಎಂ.ಪಿ.ಗಿರಿ!

ಅವರನ್ನು ಹೊಗಳುವವರು ಎಂ.ಪಿ. ಆಗಿ ಜಿಲ್ಲೆಗೆ ಶಾಲೆ ತಂದರು ಎಂದು ಭಾಷಣದಲ್ಲಿ ಹೇಳುವುದುಂಟು. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಆ ಮಾತು ನಿಲ್ಲುವುದಿಲ್ಲ. ಗಡೀಪಾರು 1940, ಟ್ರಸ್ಟು 1953, ಕಾಲೇಜು 1966, ಲೋಕಸಭೆ 1967. ಕೆಲಸ ಮೊದಲು ಬಂತು, ಕುರ್ಚಿ ಆಮೇಲೆ ಬಂತು. ಕುರ್ಚಿ ಹೋದ ಮೇಲೂ ಕೆಲಸ ನಿಂತಿತು. ಅವರ ಇಡೀ ದುಡಿಮೆಯಲ್ಲಿ ಲೋಕಸಭೆ ತೀರ ಸಣ್ಣ ತುಂಡು. ಈಗ ಕ್ರಮ ತಿರುಗಿದೆ. ಮೊದಲು ಕುರ್ಚಿ, ಕುರ್ಚಿ ಸಿಕ್ಕ ಮೇಲೆ ಕೆಲಸದ ಮಾತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು 1990ರ ದಶಕದ ಕೊನೆಯಿಂದ ಪ್ರತಿ ಚುನಾವಣೆಗೂ ಬರುತ್ತಿದೆ, ರೈಲು ಮಾತ್ರ ಘಟ್ಟ ಇಳಿದಿಲ್ಲ. ಕಾಡು ಉಳಿಯಬೇಕೆನ್ನುವವರ ವಾದಕ್ಕೂ ಬೆಲೆಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಇದ್ದ ರಸ್ತೆಯೇ ಬಂದಾದಾಗ, ಕೊಡದ ರೈಲಿಗಿಂತ ಇರುವ ದಾರಿಯ ಬಗ್ಗೆ ಯೋಚಿಸಿದವರು ಯಾರು ಎಂದು ಕೇಳುವ ಹಕ್ಕು ನಮಗೆ ಬಂತು.

ಇಷ್ಟು ಓದಿ ಸಂಸತ್ತೇ ದಂಡ, ಟ್ರಸ್ಟು ಸಾಕು ಎಂದು ಯಾರೂ ತಿಳಿಯಬಾರದು. ಟ್ರಸ್ಟಿನಿಂದ ಆಗದ ಕೆಲಸವೂ ಇದೆ. ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದು ಸಂಸತ್ತು ಕಾನೂನು ಮಾಡಿ ಆದದ್ದು, ಎಂಥ ಪುಣ್ಯಾತ್ಮನೂ ಸ್ವಂತ ದುಡ್ಡಿನಿಂದ ಮಾಡಿಸಲಾಗದ್ದು. ಆ ಪಟ್ಟಿಯ ಒಂದು ಸಾಲು ಎಷ್ಟೋ ಸಿದ್ದಿ ಹುಡುಗಿಯರಿಗೆ ವಿದ್ಯಾರ್ಥಿವೇತನ, ಹಾಸ್ಟೆಲ್ಲಿನ ಹಾಸಿಗೆಯಾಗಿ ಬಂದುದನ್ನು ನಾನು ಶಾಲೆಯಲ್ಲಿದ್ದೇ ನೋಡಿದ್ದೇನೆ. ಹಾಗೆಯೇ 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಪಂಚಾಯತಿಗಳಲ್ಲಿ ಹೆಂಗಸರಿಗೆ ಮೂರನೆಯ ಒಂದು ಪಾಲು ಕೊಟ್ಟಿತು. 1988ರಲ್ಲಿ ಮಹಿಳೆಯರಿಗಾಗಿ ರಾಷ್ಟ್ರೀಯ ಮುನ್ನೋಟ ಯೋಜನೆ ಸಿದ್ಧವಾದಾಗ, ಪಂಚಾಯತಿಯಲ್ಲಿ ಹೆಂಗಸರಿಗೆ ಪಾಲು ಬೇಕು ಎಂದು ಅದು ಹೇಳಿದಾಗ, ಆ ಖಾತೆ ನೋಡಿಕೊಳ್ಳುತ್ತಿದ್ದವರು ಮಾರ್ಗರೆಟ್ ಆಳ್ವ. ಅವರು ಜೋಕಿಂ ಆಳ್ವರ ಸೊಸೆ. ಅತ್ತೆ ವಯಲೆಟ್ ಆಳ್ವ 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. ನಮ್ಮ ಕ್ಷೇತ್ರದಿಂದ ಲೋಕಸಭೆಗೆ ಹೋದ ಹೆಂಗಸು ಇಂದಿಗೂ ಮಾರ್ಗರೆಟ್ ಒಬ್ಬರೇ. ಅವರು ಇಲ್ಲಿಂದ ಗೆದ್ದದ್ದು ಒಂದೇ ಅವಧಿಗೆ, 2004ರಲ್ಲಿ ಸೋತರು. ಜಿಲ್ಲೆಗೆ ಎಷ್ಟು ಸಲ ಬಂದರು ಎಂಬ ಬಗ್ಗೆ ಊರಲ್ಲಿ ಟೀಕೆ ಇದ್ದದ್ದೂ ನಿಜ. ಆದರೂ ನಮ್ಮ ಪಂಚಾಯ್ತಿಯ ಕುರ್ಚಿಯಲ್ಲಿ ಇಂದು ಹೆಂಗಸು ಕುಳಿತಿದ್ದರೆ, ಅದರ ಹಿಂದೆ ದೆಹಲಿಯ ಕಾಗದದ ಕೆಲಸ ಇದೆ.

ಆದ್ದರಿಂದ ದೂರಗಳು ಎರಡು ಬಗೆ. ಶಾಲೆ, ಆಸ್ಪತ್ರೆ, ಬಸ್ಸು ಇವುಗಳ ದೂರವನ್ನು ಊರಿನಲ್ಲಿ ನಿಂತು ದುಡಿಯುವವರು ಕಡಿಮೆ ಮಾಡಬಲ್ಲರು. ಹಕ್ಕಿನ ದೂರವನ್ನು ಕಾನೂನು ಮಾಡುವವರೇ ಕಡಿಮೆ ಮಾಡಬೇಕು. ದೇಸಾಯಿಯವರು ಮೊದಲನೆಯದರಲ್ಲಿ ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ ಕೆಲಸಗಾರ. ಎರಡನೆಯದಕ್ಕೆ ಅವರಿಗೆ ಸಿಕ್ಕ ಕಾಲ ಕಡಿಮೆ, ಕೈಯಲ್ಲಿದ್ದ ಬಲ ಇನ್ನೂ ಕಡಿಮೆ. ಅವರನ್ನು ಆದರ್ಶ ಸಂಸದ ಎಂದು ಹೊಗಳುವುದಕ್ಕಿಂತ, ಸಂಸದನಾಗುವುದಕ್ಕೆ ಮೊದಲು ಒಬ್ಬ ಮನುಷ್ಯ ಏನೇನು ಮಾಡಿರಬೇಕು ಎಂಬುದಕ್ಕೆ ಅಳತೆಗೋಲು ಎಂದು ಇಟ್ಟುಕೊಳ್ಳುವುದು ನ್ಯಾಯ.

ಕೊನೆಗೆ ಕವಿತೆಯ ಬಗ್ಗೆ ಇನ್ನೊಂದು ಮಾತು. ನನ್ನ ಎಣಿಕೆಯಲ್ಲಿ ಅವರ ಅತ್ಯುತ್ತಮ ರಚನೆ ಚುಟುಕವಲ್ಲ, ತಮ್ಮ ದೇಹದ ಬೂದಿಯನ್ನು ಏನು ಮಾಡಬೇಕು ಎಂದು ಹೇಳುವ ಕವಿತೆ. ಬಹಳ ಜನ ಹಾಡಾಗಿ ಕೇಳಿರುತ್ತೀರಿ. ಅದರಲ್ಲಿ ಯಾರನ್ನೂ ಕುಟುಕುವುದಿಲ್ಲ, ನಗಿಸುವುದಿಲ್ಲ, ಎದುರಾಳಿಯೇ ಇಲ್ಲ. ಬೂದಿ ಮೊದಲು ಗಾಳಿಯಲ್ಲಿ ಹೋಗಿ ಭತ್ತದ ಗದ್ದೆಗೆ ಬೀಳಬೇಕು, ಆಮೇಲೆ ಹೊಳೆಯಲ್ಲಿ ಹರಿದು ಮೀನಿಗೆ ಸೇರಬೇಕು, ಕೊನೆಗೆ ತಾವರೆಯ ಕೊಳಕ್ಕೆ. ಈ ಕ್ರಮವನ್ನು ಗಮನಿಸಿ. ಮೊದಲು ಅನ್ನ, ನಂತರ ಮೀನು, ಹೂವು ಕಟ್ಟಕಡೆಗೆ. ಕರಾವಳಿಯ ಬಡವನ ಬಟ್ಟಲು ತುಂಬಿದ ಮೇಲೆಯೇ ಕವಿಗೆ ಚೆಲುವಿನ ಮಾತು. ಬೇರೆ ಕವಿಯಾಗಿದ್ದರೆ ತಾವರೆಯಿಂದ ಶುರು ಮಾಡುತ್ತಿದ್ದನೋ ಏನೋ. ಗೇಣಿ ಭತ್ತದ ಅಳತೆಯನ್ನೂ ಹಡಗಿನ ಕೂಲಿಯ ಲೆಕ್ಕವನ್ನೂ ಬಲ್ಲ ಕೈ ಮಾತ್ರ ಈ ಸಾಲುಗಳನ್ನು ಹೀಗೆ ಒಂದರ ಕೆಳಗೊಂದು ಇಡಬಲ್ಲದು. ಜೀವನ ಮತ್ತು ಬರವಣಿಗೆ ಒಂದೇ ಕಡೆ ಮುಖ ಮಾಡಿ ನಿಂತದ್ದು ಇಲ್ಲಿ. ಅವರು 1982ರ ನವೆಂಬರಿನಲ್ಲಿ ತೀರಿಕೊಂಡರು.

ಇನ್ನು ಮುಂದೆ ಅವರ ಹೆಸರಿನ ಸಮಾರಂಭಗಳಲ್ಲಿ ಚುಟುಕ ಹೇಳುವವರು ಹೇಳಲಿ, ನಗುವವರು ನಗಲಿ. ಆದರೆ ಅದೇ ವೇದಿಕೆಯಲ್ಲಿ ಒಬ್ಬಳಾದರೂ ಎದ್ದು ನಿಂತು, ಕಾಡಿನ ಕೊನೆಯ ಮನೆಯಿಂದ ಹೈಸ್ಕೂಲಿಗೆ ಇಂದು ಎಷ್ಟು ಮೈಲಿ, ಬಸ್ಸು ಎಷ್ಟು ಹೊತ್ತಿಗೆ, ಈ ವರ್ಷ ಏಳನೆಯ ತರಗತಿಗೆ ನಿಂತ ಹುಡುಗಿಯರು ಎಷ್ಟು ಎಂಬ ಲೆಕ್ಕ ಓದಿದರೆ ಅವರ ಪದ್ಯವನ್ನು ಸರಿಯಾಗಿ ಓದಿದ ಹಾಗೆ. 2023ರ ಜೂನಿನಿಂದ ರಾಜ್ಯ ಸರ್ಕಾರದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ, ಒಳ್ಳೆಯದೇ ಆಯಿತು. ಬಸ್ಸೇ ಬಾರದ ಊರಿನ ಹುಡುಗಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.